ಇಪ್ಪತ್ತು ದಿನ, ಎಪ್ಪತ್ತೈದು ಲಕ್ಷ ಡಾಲರ್: ನೆಬ್ರಾಸ್ಕಾ ಅಭಿಮಾನಿಗಳ ತಾಳ್ಮೆಯ ಲೆಕ್ಕ

2022ರ ಸೆಪ್ಟೆಂಬರ್ 11, ಭಾನುವಾರ. ನೆಬ್ರಾಸ್ಕಾ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ಮನೆಗೆ ಕಳಿಸಿತು. ಕರಾರಿನಂತೆ ಅವರಿಗೆ ತೆರಬೇಕಿದ್ದ ಪರಿಹಾರ ಸುಮಾರು ಒಂದೂವರೆ ಕೋಟಿ ಡಾಲರ್. ಅದೇ ಕರಾರಿನಲ್ಲಿ ಇನ್ನೊಂದು ಸಾಲೂ ಇತ್ತು: ಅಕ್ಟೋಬರ್ 1 ಬಂತೆಂದರೆ ಈ ಮೊತ್ತ ಅರ್ಧಕ್ಕಿಳಿಯುತ್ತದೆ. ಇಪ್ಪತ್ತು ದಿನ ಹಲ್ಲು ಕಚ್ಚಿ ಕೂತಿದ್ದರೆ 75 ಲಕ್ಷ ಡಾಲರ್ ಉಳಿಯುತ್ತಿತ್ತು. ಕೂರಲಿಲ್ಲ. ಹಿಂದಿನ ರಾತ್ರಿ ಜಾರ್ಜಿಯಾ ಸದರ್ನ್ ಎಂಬ ಸಣ್ಣ ಟೀಂ ನೆಬ್ರಾಸ್ಕಾದ ತವರಾದ ಲಿಂಕನ್ ಊರಿಗೇ ಬಂದು 45-42ರಲ್ಲಿ ಗೆದ್ದು ಹೋಗಿತ್ತು. ಇನ್ನೊಂದು ಶನಿವಾರವನ್ನು ಸಹಿಸುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ.

ದೂರದಿಂದ ನೋಡುವವರಿಗೆ ಇದು ಹುಚ್ಚಾಟ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕೋಚ್‌ನ ತಲೆದಂಡವಾದಾಗಲೆಲ್ಲ ಅಭಿಮಾನಿಗಳಿಗೆ ತಾಳ್ಮೆಯೇ ಇಲ್ಲ ಎಂಬ ಮಾತು ಕೇಳಿಬರುತ್ತದೆ. ನೆಬ್ರಾಸ್ಕಾದ ಕಥೆಯನ್ನು ಹತ್ತಿರದಿಂದ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅಲ್ಲಿ ತಾಳ್ಮೆಗೆ ಬರವಿರಲಿಲ್ಲ. ಯಾವಾಗ ತಾಳಬೇಕು, ಯಾವುದನ್ನು ನೋಡಿ ತಾಳಬೇಕು ಎಂಬ ಲೆಕ್ಕ ಮಾತ್ರ ತಪ್ಪಿತು. ಒಂದು ಸಲ ಅವಸರದಿಂದ, ಇನ್ನೊಂದು ಸಲ ಮಮಕಾರದಿಂದ. ಮೂರನೆಯ ಲೆಕ್ಕ ಈಗ ನಡೆಯುತ್ತಿದೆ.

ಇದು ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಯನ್ನು ಗುದ್ದಿ ಮುನ್ನುಗ್ಗುವ ಅಮೆರಿಕನ್ ಫುಟ್‌ಬಾಲ್. ಮಾಮೂಲಿ ಸೀಸನ್ನಿನಲ್ಲಿ ಪಂದ್ಯಗಳು ಹನ್ನೆರಡೇ. ಐಪಿಎಲ್ ಲೀಗ್‌ನಂತೆ ಹದಿನಾಲ್ಕರಲ್ಲಿ ಆರು ಸೋತರೂ ಮುಂದೆ ಹೋಗುವ ಸೌಕರ್ಯ ಇಲ್ಲಿಲ್ಲ. ನಾಲ್ಕು ಸೋತರೆ ದೊಡ್ಡ ಆಸೆಗಳು ಮುಗಿದಂತೆ. ಆರು ಗೆದ್ದರೆ ವರ್ಷದ ಕೊನೆಯ 'ಬೌಲ್' ಪಂದ್ಯಕ್ಕೆ ಅರ್ಹತೆ ಸಿಗುತ್ತದೆ. ಆ ಆರೂ ದಕ್ಕದಿದ್ದರೆ ನವೆಂಬರ್ ಕೊನೆಗೆ ಬಾಗಿಲು ಹಾಕಿಕೊಳ್ಳಬೇಕು.

ನೆಬ್ರಾಸ್ಕಾ ಜೋಳದ ಹೊಲಗಳ ರಾಜ್ಯ. ಜನಸಂಖ್ಯೆ 20 ಲಕ್ಷದ ಆಸುಪಾಸು. ವೃತ್ತಿಪರ ಎನ್‌ಎಫ್‌ಎಲ್ ಟೀಂ ಇಲ್ಲ. ಇಡೀ ರಾಜ್ಯಕ್ಕೆ ವಿಶ್ವವಿದ್ಯಾಲಯದ 'ಹಸ್ಕರ್ಸ್' ಟೀಮೇ ಊರ ದೇವರು. ಪಂದ್ಯದ ದಿನ 80 ಸಾವಿರ ದಾಟಿ ಜನ ಸೇರುವ ಮೆಮೋರಿಯಲ್ ಸ್ಟೇಡಿಯಂ ರಾಜ್ಯದ ಮೂರನೇ ದೊಡ್ಡ ಪಟ್ಟಣವಾಗುತ್ತದೆ ಎನ್ನುವುದು ಅಲ್ಲಿನವರ ಹಳೆಯ ಹೆಮ್ಮೆ. 1962ರ ನವೆಂಬರ್ 3ರಂದು ಮಿಸೌರಿ ವಿರುದ್ಧ ಆಡಿದಾಗಿನಿಂದ ತವರಿನ ಪ್ರತಿಯೊಂದು ಪಂದ್ಯದ ಟಿಕೆಟ್ಟೂ ಪೂರ್ತಿ ಮಾರಾಟವಾಗಿದೆ. 2024ರಲ್ಲಿ ಈ ಸರಣಿ 400 ದಾಟಿತು. 2023ರ ಆಗಸ್ಟ್‌ನಲ್ಲಿ ಇದೇ ಮೈದಾನದಲ್ಲಿ ಮಹಿಳಾ ವಾಲಿಬಾಲ್ ಪಂದ್ಯ ಏರ್ಪಡಿಸಿದಾಗ 92,003 ಜನ ಬಂದು ಕೂತರು. ಸೋಲಿಸಿದ ಎದುರಾಳಿಗೂ ಎದ್ದು ನಿಂತು ಚಪ್ಪಾಳೆ ತಟ್ಟುವ ರೂಢಿಯ ಜನ ಅವರು.

ಈ ಟಿಕೆಟ್ ಸರಣಿಯ ಹಿಂದೆ ಒಂದು ಗುಟ್ಟೂ ಇದೆ. ಸೋಲಿನ ವರ್ಷಗಳಲ್ಲಿ ಉಳಿದುಹೋದ ಟಿಕೆಟ್‌ಗಳನ್ನು ಶ್ರೀಮಂತ ದಾನಿಗಳು ಕೊಂಡು ಬಡ ಮಕ್ಕಳಿಗೆ ಹಂಚಿದ್ದುಂಟು. ಮಕ್ಕಳಿಗೆ ಒಳ್ಳೆಯದೇ ಆಯಿತು. ಆದರೆ ಪೂರ್ತಿ ತುಂಬಿದ ಸ್ಟೇಡಿಯಂ ಎಂಬುದು ಪೂರ್ತಿ ತೃಪ್ತ ಅಭಿಮಾನಿಗಳ ಲೆಕ್ಕ ಅಲ್ಲ ಎಂಬುದೂ ಅದರಿಂದ ತಿಳಿಯುತ್ತದೆ.

ಒಂಬತ್ತು ಗೆದ್ದವರನ್ನು ಕಳಿಸಿದ್ದು

ಮೊದಲು ಅವಸರದ ಕಥೆ. ಟಾಮ್ ಆಸ್ಬೋರ್ನ್ 1973ರಿಂದ 1997ರವರೆಗೆ 25 ವರ್ಷ ಇಲ್ಲಿ ಕೋಚ್ ಆಗಿದ್ದರು. 255 ಗೆಲುವು, 49 ಸೋಲು, 3 ಡ್ರಾ. ಯಾವ ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆದ್ದವರಲ್ಲ. ಕೊನೆಗೆ 1994, 1995, 1997ರಲ್ಲಿ ಮೂರು ರಾಷ್ಟ್ರೀಯ ಪಟ್ಟ. ಇಂದು ಅವರ ಹೆಸರು ಹೇಳಿದರೆ ಸಾಕು, ಲಿಂಕನ್‌ನಲ್ಲಿ ಜನ ದನಿ ತಗ್ಗಿಸುತ್ತಾರೆ.

ಆದರೆ ಆ ಮೊದಲ ಪಟ್ಟ ಬಂದದ್ದು ಅವರ ಇಪ್ಪತ್ತೆರಡನೇ ಸೀಸನ್ನಿನಲ್ಲಿ. ಅದಕ್ಕೂ ಮೊದಲು, ಅವರ ಆರಂಭದ ಐದು ವರ್ಷ ಬದ್ಧವೈರಿ ಒಕ್ಲಹೋಮಾ ಎದುರು ಐದಕ್ಕೆ ಐದೂ ಸೋಲು. 'ದೊಡ್ಡ ಪಂದ್ಯ ಗೆಲ್ಲಲಾರದ ಕೋಚ್' ಎಂಬ ಟೀಕೆ ಆಗ ಅವರ ಬೆನ್ನಿಗೇ ಅಂಟಿತ್ತು. 1978ರಲ್ಲಿ ಒಕ್ಲಹೋಮಾವನ್ನು 17-14ರಲ್ಲಿ ಬಗ್ಗಿಸಿದ ಮೇಲೂ, ಕೊಲರಾಡೊ ಕೊಡಮಾಡಿದ ಕೆಲಸವನ್ನು ಒಪ್ಪಿಕೊಳ್ಳುವುದೋ ಬಿಡುವುದೋ ಎಂದು ಅವರು ಯೋಚಿಸಿದ್ದರು. ಅಂದು ಹೊರಟಿದ್ದರೆ? ಇಂದಿನ ದಾನಿಗಳ ಕೈಯಲ್ಲಿ ಸಿಕ್ಕಿದ್ದರೆ ಐದನೇ ಸೋಲಿಗೇ ಅವರ ಕಥೆ ಮುಗಿಯುತ್ತಿತ್ತೆಂದು ನನ್ನ ಅನುಮಾನ.

ಅವರ ನಂತರ ಬಂದವರು ಅವರ ಸಹಾಯಕರೇ ಆಗಿದ್ದ ಫ್ರಾಂಕ್ ಸೋಲಿಚ್. ಆರು ವರ್ಷದಲ್ಲಿ 58 ಗೆಲುವು, 19 ಸೋಲು. 1999ರಲ್ಲಿ ಕಾನ್ಫರೆನ್ಸ್ ಪಟ್ಟ, ಅಂದರೆ ಟೀಂ ಸೇರಿದ್ದ ಲೀಗ್ ಗುಂಪಿನ ಪಟ್ಟ ಗೆದ್ದರು. ನೆಬ್ರಾಸ್ಕಾದ ಇಲ್ಲಿಯವರೆಗಿನ ಕೊನೆಯ ಕಾನ್ಫರೆನ್ಸ್ ಪಟ್ಟ ಅದೇ. 2002ರಲ್ಲಿ 7-7ಕ್ಕೆ (ಏಳು ಗೆಲುವು, ಏಳು ಸೋಲು) ಕುಸಿದರು, 2003ರಲ್ಲಿ 9-3ಕ್ಕೆ ಮೇಲೆದ್ದರು. ಕೊಲರಾಡೊವನ್ನು ಸೋಲಿಸಿದ ಮರುದಿನವೇ ಸೋಲಿಚ್ ಅವರನ್ನು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ, ಅಂದರೆ ಅಥ್ಲೆಟಿಕ್ ಡೈರೆಕ್ಟರ್ ಸ್ಟೀವ್ ಪೆಡರ್ಸನ್ ವಜಾ ಮಾಡಿದರು. ಟೀಂ ಸಾಧಾರಣ ಮಟ್ಟಕ್ಕೆ ಜಾರುವುದನ್ನು ನೋಡುತ್ತ ಕೂರಲಾರೆ ಎಂಬುದು ಪೆಡರ್ಸನ್ ವಾದದ ಸಾರ. ಮರುವರ್ಷ ಹೊಸ ಕೋಚ್ ಬಿಲ್ ಕ್ಯಾಲಹನ್ ಕೈಯಲ್ಲಿ ಟೀಂ 5-6. 1961ರ ನಂತರ ಮೊದಲ ಬಾರಿಗೆ ಸೋಲಿನ ಸೀಸನ್. ಸತತ 35 ವರ್ಷ ಆಡಿದ್ದ ಬೌಲ್ ಪಂದ್ಯವೂ ತಪ್ಪಿತು.

ಗಮನಿಸಿ, ಇಲ್ಲಿ ತಾಳ್ಮೆಗೆಟ್ಟದ್ದು ಗ್ಯಾಲರಿಗಿಂತ ಹೆಚ್ಚಾಗಿ ಕಚೇರಿ. ಮುಂದೆ ಕೋಚ್ ಆದ ಬೋ ಪೆಲಿನಿ ಕಾಲದಲ್ಲೂ ಅದೇ ಆಯಿತು. 2008ರಿಂದ 2014ರವರೆಗೆ ಅವರು ಪ್ರತಿ ವರ್ಷ ಒಂಬತ್ತೋ ಹತ್ತೋ ಗೆದ್ದರು, ಕೊನೆಯ ವರ್ಷ ಬಿಟ್ಟರೆ ಪ್ರತಿ ವರ್ಷ ನಾಲ್ಕು ಸೋತರು. ಅವರನ್ನೂ ಕಳಿಸಿದರು. ಬಾಯಿ ಸ್ವಲ್ಪ ಜೋರು, ಅದೂ ಕಾರಣವಿರಬಹುದು. ಅವರ ಜಾಗಕ್ಕೆ ಬಂದ ಮೈಕ್ ರೈಲಿ ಮೂರು ವರ್ಷದಲ್ಲಿ 19 ಗೆದ್ದು 19 ಸೋತರು.

1997ರಿಂದ 2010ರವರೆಗಿನ ಕಾಲೇಜು ಫುಟ್‌ಬಾಲ್ ಅಂಕಿಅಂಶಗಳನ್ನು ರಾಜ್ಯಶಾಸ್ತ್ರದ ಮೂವರು ಸಂಶೋಧಕರು ಜಾಲಾಡಿದ್ದಾರೆ. ತೀರಾ ಕೆಟ್ಟ ಟೀಂಗಳು ಕೋಚ್ ಬದಲಿಸಿದರೂ ಬದಲಿಸದಿದ್ದರೂ ಮುಂದಿನ ವರ್ಷಗಳಲ್ಲಿ ಹೆಚ್ಚು ಕಡಿಮೆ ಒಂದೇ ಹಾದಿ ಹಿಡಿದವು. ನಡುಮಟ್ಟದ ಟೀಂಗಳು ಬದಲಿಸಿದಾಗ, ಬದಲಿಸದ ತಮ್ಮಂಥ ಟೀಂಗಳಿಗಿಂತ ಹಿಂದೆ ಬಿದ್ದವು. ಸೋಲಿಚ್ ಮತ್ತು ಪೆಲಿನಿ ಅವರ ಪ್ರಸಂಗಗಳು ಈ ಎರಡನೇ ಸಾಲಿಗೆ ಹೇಳಿ ಮಾಡಿಸಿದ ಉದಾಹರಣೆ.

ಹಿತ್ತಲ ಗಿಡವೇ ಮದ್ದೆಂದು ನಂಬಿದಾಗ

ಹೀಗೆ ಕೈ ಸುಟ್ಟುಕೊಂಡ ರಾಜ್ಯ 2017ರ ಡಿಸೆಂಬರ್‌ನಲ್ಲಿ ತನ್ನ ಮನೆಮಗನನ್ನು ಕರೆತಂದಿತು. ಸ್ಕಾಟ್ ಫ್ರಾಸ್ಟ್ ವುಡ್ ರಿವರ್ ಎಂಬ ಅಲ್ಲಿಯದೇ ಸಣ್ಣ ಊರಿನ ಹುಡುಗ, 1997ರ ಚಾಂಪಿಯನ್ ಟೀಮಿನಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಆಗಷ್ಟೇ ಯುಸಿಎಫ್ (ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ) ಟೀಮನ್ನು ಒಂದೂ ಸೋಲಿಲ್ಲದೆ ನಡೆಸಿದ್ದರು. ಏಳು ವರ್ಷಕ್ಕೆ ಮೂರೂವರೆ ಕೋಟಿ ಡಾಲರ್ ಕರಾರು. ಮೊದಲ ಸೀಸನ್ನಿನ ಮೊದಲ ಆರು ಪಂದ್ಯಗಳನ್ನೂ ಸೋತರು. ಅಭಿಮಾನಿಗಳು ಕೂಗಾಡಿದರೆ? ಇಲ್ಲ. ಕಟ್ಟುವುದಕ್ಕೆ ಸಮಯ ಬೇಕು, ನಮ್ಮ ಹುಡುಗ, ಬಿಡಿ ಎಂದರು.

ನಾಲ್ಕನೇ ವರ್ಷ 2021. ಆ ಸೀಸನ್ನು ವಿಚಿತ್ರ: ಮೂರು ಗೆಲುವು, ಒಂಬತ್ತು ಸೋಲು, ಒಂಬತ್ತೂ ಒಂದಂಕಿಯ ಅಂತರದವು. ವರ್ಷವಿಡೀ ಟೀಂ ಗಳಿಸಿದ ಅಂಕಗಳು ಬಿಟ್ಟುಕೊಟ್ಟದ್ದಕ್ಕಿಂತ ಹೆಚ್ಚೇ ಇದ್ದವು. ಅಂಕಿಅಂಶ ನಂಬುವವರಿಗೆ ಇದು ಹಬ್ಬ. ಕೂದಲೆಳೆಯ ಅಂತರದ ಪಂದ್ಯಗಳಲ್ಲಿ ಅದೃಷ್ಟದ ಪಾಲು ದೊಡ್ಡದು, ಅದು ಇಂದಲ್ಲ ನಾಳೆ ತಿರುಗುತ್ತದೆ, ತಾಳಿ ಎಂದು ಅವರು ಹೇಳಿದರು. ಮಾತಿನಲ್ಲಿ ತಪ್ಪಿಲ್ಲ. ಆದರೆ ಅವರು ಪಂದ್ಯ ನೋಡಿರಲಿಲ್ಲವೋ ಏನೋ.

ಆ ವರ್ಷದ ಮೂರು ಸೋಲುಗಳನ್ನಷ್ಟೇ ತೆಗೆದುಕೊಳ್ಳಿ. ಒಕ್ಲಹೋಮಾ ಎದುರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿಗೆ ಒಯ್ದು ಅಂಕ ಗಳಿಸುವುದು) ನಂತರ ಸುಲಭದ ಒಂದು ಅಂಕಕ್ಕೆ ಒದ್ದ ಚೆಂಡನ್ನು ಎದುರಾಳಿ ತಡೆದು, ಇನ್ನೊಂದು ತುದಿಯವರೆಗೆ ಓಡಿ ಎರಡು ಅಂಕ ಕಿತ್ತುಕೊಂಡರು, ಪಂದ್ಯ 23-16. ಮಿಚಿಗನ್ ಸ್ಟೇಟ್ ಎದುರು, ಗೆಲುವು ಕೈಯಲ್ಲಿದ್ದಾಗ, ಚೆಂಡನ್ನು ದೂರ ಒದ್ದು ಕೊಡುವ 'ಪಂಟ್'. ನೆಬ್ರಾಸ್ಕಾದ ಹುಡುಗರೆಲ್ಲ ಒಂದು ಬದಿಗೆ ಓಡಿದರು, ಚೆಂಡು ಇನ್ನೊಂದು ಬದಿಗೆ ಹೋಯಿತು. ಅಲ್ಲಿ ಒಬ್ಬನೇ ನಿಂತಿದ್ದ ಎದುರಾಳಿ ಅದನ್ನು ಹಿಡಿದು 62 ಯಾರ್ಡ್ ಓಡಿದ, ಸಮಬಲವಾಯಿತು, ಹೆಚ್ಚುವರಿ ಆಟದಲ್ಲಿ ಸೋಲು. ಅಯೋವಾ ಎದುರು 21-6ರಿಂದ ಮುಂದಿದ್ದು, ಪಂಟ್ ಒಂದನ್ನು ತಡೆಸಿಕೊಂಡು, ಅದು ಟಚ್‌ಡೌನ್ ಆಗಿ, ಕೊನೆಗೆ 21-28. ಮೂರೂ ಕಡೆ ತೂತು ಬಿದ್ದದ್ದು ಒಂದೇ ಜಾಗದಲ್ಲಿ: ಒದೆಯುವ, ಒದ್ದದ್ದನ್ನು ಕಾಯುವ 'ಸ್ಪೆಷಲ್ ಟೀಮ್ಸ್' ವಿಭಾಗದಲ್ಲಿ. ಅದೃಷ್ಟ ಕೈಕೊಟ್ಟಿದ್ದರೆ ಒಂದೊಂದು ಸಲ ಒಂದೊಂದು ಕಡೆ ಕೊಡಬೇಕಿತ್ತು. ಒಂದೇ ಕಡೆ ಮತ್ತೆ ಮತ್ತೆ ಸೋರುತ್ತಿದ್ದರೆ ಕೇಳಬೇಕಾದದ್ದು ಗಾರೆಯವನನ್ನು.

ಅದೇ ನವೆಂಬರ್‌ನಲ್ಲಿ ಅಥ್ಲೆಟಿಕ್ ಡೈರೆಕ್ಟರ್ ಟ್ರೆವ್ ಆಲ್ಬರ್ಟ್ಸ್ ಅವರಿಗೆ ಫ್ರಾಸ್ಟ್ ಅವರನ್ನು ಬಿಡಿಸುವ ಅವಕಾಶವಿತ್ತು. ಆಲ್ಬರ್ಟ್ಸ್ ಕೂಡ ನೆಬ್ರಾಸ್ಕಾ ಟೀಮಿನ ಹಳೆಯ ಹೀರೊ. ಫ್ರಾಸ್ಟ್ ಸಂಬಳವನ್ನು 50 ಲಕ್ಷದಿಂದ 40 ಲಕ್ಷ ಡಾಲರ್‌ಗೆ ಇಳಿಸಿ ಇನ್ನೊಂದು ವರ್ಷ ಕೊಟ್ಟರು. ಅರ್ಧ ಪರಿಹಾರದ ಆ ಅಕ್ಟೋಬರ್ 1ರ ಷರತ್ತು ಬಂದದ್ದೂ ಆಗಲೇ.

ಮುಂದಿನ ಸೀಸನ್ನಿನ ಮೊದಲ ಪಂದ್ಯ ಐರ್ಲೆಂಡ್‌ನ ಡಬ್ಲಿನ್‌ನಲ್ಲಿ. 2022ರ ಆಗಸ್ಟ್ 27, ಎದುರಾಳಿ ನಾರ್ತ್‌ವೆಸ್ಟರ್ನ್. ಮೂರನೇ ಕ್ವಾರ್ಟರ್‌ನಲ್ಲಿ ನೆಬ್ರಾಸ್ಕಾ 28-17ರಿಂದ ಮುಂದೆ. ಹನ್ನೊಂದು ಅಂಕ ಅಂದರೆ ಎದುರಾಳಿ ಒಂದು ಸಲ ಗಳಿಸಿದರೆ ಸಾಲದು, ಎರಡು ಸಲ ಬರಬೇಕು. ಚೆಂಡನ್ನು ದೂರಕ್ಕೆ ಒದ್ದು, ಅವರು ಇಡೀ ಮೈದಾನ ತೆವಳಿಕೊಂಡು ಬರಲಿ ಎಂದು ನಿಲ್ಲುವುದು ಎಲ್ಲ ಕೋಚ್‌ಗಳ ಪಾಠ. ಫ್ರಾಸ್ಟ್ 'ಆನ್‌ಸೈಡ್ ಕಿಕ್' ಮಾಡಿಸಿದರು. ಚೆಂಡನ್ನು ಹತ್ತು ಯಾರ್ಡ್‌ನಷ್ಟೇ ತಳ್ಳಿ ತಾವೇ ಓಡಿ ಹಿಡಿಯುವ ಜೂಜು ಅದು. ಸಾಮಾನ್ಯವಾಗಿ ಹಿಂದೆ ಬಿದ್ದು, ಗಡಿಯಾರ ಓಡುತ್ತಿರುವಾಗ, ಬೇರೆ ದಾರಿಯೇ ಇಲ್ಲದವರು ಆಡುವಂಥದ್ದು. ಚೆಂಡು ನಾರ್ತ್‌ವೆಸ್ಟರ್ನ್ ಹುಡುಗನ ಕೈಗೆ ಸಿಕ್ಕಿತು. ಅಲ್ಲಿಂದ ಅರ್ಧ ಮೈದಾನ ಸಾಕಾಯಿತು, ಟಚ್‌ಡೌನ್. ಕೊನೆಗೆ 31-28. ತಪ್ಪು ತನ್ನದೇ ಎಂದು ಫ್ರಾಸ್ಟ್ ಒಪ್ಪಿಕೊಂಡರು. ನಾರ್ತ್‌ವೆಸ್ಟರ್ನ್ ಆ ವರ್ಷ ಗೆದ್ದದ್ದು ಅದೊಂದೇ ಪಂದ್ಯ. ಉಳಿದ ಹನ್ನೊಂದನ್ನೂ ಸೋತಿತು.

ಫ್ರಾಸ್ಟ್ ಅವರ ಪೂರ್ತಿ ಲೆಕ್ಕ 16-31. ಎಂಟು ಅಂಕದೊಳಗೆ ತೀರ್ಮಾನವಾದ ಪಂದ್ಯಗಳಲ್ಲಿ 5-22. ನಾಣ್ಯ ಚಿಮ್ಮಿದರೂ ಹದಿಮೂರು ಗೆಲ್ಲಬೇಕಿತ್ತು. ಆದ್ದರಿಂದ ಆ 75 ಲಕ್ಷ ಡಾಲರ್ ದಂಡ ಬಿದ್ದದ್ದು 2022ರ ಇಪ್ಪತ್ತು ದಿನಕ್ಕೆ ಎಂದು ನನಗನಿಸುವುದಿಲ್ಲ. 2021ರಲ್ಲಿ ಕಣ್ಣೆದುರು ಇದ್ದದ್ದನ್ನು ಕಾಣದೆ ಹೋದದ್ದಕ್ಕೆ ಬಿತ್ತು.

ಮೂರು ವರ್ಷದ ಗಡಿಯಾರ

ಕೋಚ್‌ಗೆ ಮೂರು ವರ್ಷ ಕೊಡಿ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹದಿನೆಂಟರ ಹುಡುಗನನ್ನು ಹೈಸ್ಕೂಲಿನಿಂದ ಆರಿಸಿ ತಂದು, ಮೊದಲ ವರ್ಷ ಪಂದ್ಯಕ್ಕಿಳಿಸದೆ, ತಿನ್ನಿಸಿ, ಭಾರ ಎತ್ತಿಸಿ, ಮೈ ತುಂಬಿಸುತ್ತಿದ್ದರು. ಇದಕ್ಕೆ 'ರೆಡ್‌ಶರ್ಟ್' ಎಂದು ಹೆಸರು. ಆ ಪದ ಹುಟ್ಟಿದ್ದೂ ನೆಬ್ರಾಸ್ಕಾದಲ್ಲೇ ಎನ್ನುತ್ತಾರೆ. ಹೀಗೆ ಬೆಳೆದ ಹುಡುಗ ಮೂರನೇ ಅಥವಾ ನಾಲ್ಕನೇ ವರ್ಷ ಆಳಾಗುತ್ತಿದ್ದ. ಪಕ್ಕದ ಕ್ಯಾನ್ಸಸ್ ಸ್ಟೇಟ್‌ನಲ್ಲಿ ಬಿಲ್ ಸ್ನೈಡರ್ ಮಾಡಿದ್ದು ಇದನ್ನೇ. 1989ರಲ್ಲಿ ಅವರು ಬಂದಾಗ ಟೀಂ ಹಿಂದಿನ ಎರಡು ಸೀಸನ್‌ಗಳಲ್ಲಿ ಒಂದೂ ಪಂದ್ಯ ಗೆದ್ದಿರಲಿಲ್ಲ. ಮೊದಲ ವರ್ಷ 1-10, ಆಮೇಲೆ 5-6, 7-4, ಮತ್ತೆ 5-6, ಐದನೇ ವರ್ಷ 9-2-1. 1998ರಲ್ಲಿ ಅದೇ ಟೀಂ ದೇಶದ ನಂಬರ್ ಒಂದಾಯಿತು. ನಾಲ್ಕನೇ ವರ್ಷದ ಆ ಹಿಂಜರಿತ ನೋಡಿ ಕಳಿಸಿದ್ದರೆ ಮುಂದಿನದೇನೂ ಇರುತ್ತಿರಲಿಲ್ಲ.

ಈ ಗಡಿಯಾರವನ್ನು ಒಡೆದದ್ದು ಎರಡು ಬದಲಾವಣೆ. ಬೇರೆ ಕಾಲೇಜಿಗೆ ಹೋಗುವ ಆಟಗಾರರ ಪಟ್ಟಿ, ಅಂದರೆ 'ಟ್ರಾನ್ಸ್‌ಫರ್ ಪೋರ್ಟಲ್', 2018ರಲ್ಲಿ ಬಂತು. 2021ರಿಂದ ಹಾಗೆ ಹೋದವರು ಒಂದು ವರ್ಷ ಹೊರಗೆ ಕೂರಬೇಕಾದ ಶಿಕ್ಷೆ ತಪ್ಪಿತು. ಅದೇ 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಮಾರಿ ದುಡ್ಡು ಮಾಡಬಹುದಾಯಿತು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರ ಹಂಚಬಹುದಾಯಿತು, ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ನಮ್ಮವರಿಗೆ ಅರ್ಥವಾಗುವಂತೆ ಹೇಳುವುದಾದರೆ ಪ್ರತಿ ಜನವರಿಯೂ ಮೆಗಾ ಹರಾಜು, ಉಳಿಸಿಕೊಳ್ಳುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಪರಿಣಾಮ ಇಂಡಿಯಾನಾದಲ್ಲಿ ಕಂಡಿತು. ಸೋಲಿಗೇ ಹೆಸರಾಗಿದ್ದ ಆ ಟೀಂ 2023ರಲ್ಲಿ 3-9. ಕರ್ಟ್ ಸಿಗ್ನೆಟ್ಟಿ ಬಂದರು, ತಮ್ಮ ಹಳೆಯ ಕಾಲೇಜಿನ ಹತ್ತಕ್ಕೂ ಹೆಚ್ಚು ಆಟಗಾರರನ್ನು ಜೊತೆಗೆ ತಂದರು. 2024ರಲ್ಲಿ 11-2. ಆ ವರ್ಷವೇ ನೆಬ್ರಾಸ್ಕಾವನ್ನು 56-7ರಲ್ಲಿ ಹಿಂಡಿಹಾಕಿದರು. 2025ರಲ್ಲಿ 16-0, ರಾಷ್ಟ್ರೀಯ ಪಟ್ಟ. ಎರಡೇ ವರ್ಷ. ಇನ್ನು ಮೇಲೆ 'ಸಮಯ ಕೊಡಿ' ಎನ್ನುವ ಯಾವ ಕೋಚ್‌ಗೂ ಅಭಿಮಾನಿ ಇಂಡಿಯಾನಾದ ಕಡೆ ಕೈ ತೋರಿಸುತ್ತಾನೆ.

ಕೈ ತೋರಿಸುವುದು ಸುಲಭ. ಅದೇ ಪೋರ್ಟಲ್ ನೆಚ್ಚಿಕೊಂಡ ಫ್ಲಾರಿಡಾ ಸ್ಟೇಟ್ 2023ರಲ್ಲಿ ಸತತ 13 ಗೆದ್ದು ಮರುವರ್ಷ 2-10ಕ್ಕೆ ಬಿತ್ತು. ಡಿಯೊನ್ ಸ್ಯಾಂಡರ್ಸ್ ಅವರ ಕೊಲರಾಡೊ 4-8, 9-4, ಮತ್ತೆ 3-9. ಕೊಂಡು ತಂದ ಟೀಂ ಬೇಗ ಏಳುತ್ತದೆ, ಬೇಗ ಕೂರುತ್ತದೆ. ಆದರೆ 2025ರಲ್ಲಿ ಕಚೇರಿಗಳು ನೋಡಿದ್ದು ಇಂಡಿಯಾನಾವನ್ನು ಮಾತ್ರ. ಅಕ್ಟೋಬರ್ ಒಂದೇ ತಿಂಗಳಲ್ಲಿ ಪೆನ್ ಸ್ಟೇಟ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು, ಫ್ಲಾರಿಡಾ ಬಿಲ್ಲಿ ನೇಪಿಯರ್ ಅವರನ್ನು, ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಬ್ರಯನ್ ಕೆಲ್ಲಿ ಅವರನ್ನು ಕಳಿಸಿದವು.

ರೂಲ್ ಮತ್ತು ಗುದ್ದಾಟದ ಗೆರೆ

ನೆಬ್ರಾಸ್ಕಾದ ಈಗಿನ ಕೋಚ್ ಮ್ಯಾಟ್ ರೂಲ್. ಎಂಟು ವರ್ಷ, 7.4 ಕೋಟಿ ಡಾಲರ್ ಕರಾರಿಗೆ 2022ರ ನವೆಂಬರ್‌ನಲ್ಲಿ ಬಂದರು. ಅವರ ಜೊತೆಗೊಂದು ಐತಿಹ್ಯವೂ ಬಂತು: ಮೂರನೇ ವರ್ಷದ ಕೋಚ್. ಟೆಂಪಲ್ ವಿಶ್ವವಿದ್ಯಾಲಯದಲ್ಲಿ 2-10, 6-6, 10-4. ಬೇಲರ್ ವಿಶ್ವವಿದ್ಯಾಲಯದಲ್ಲಿ 1-11, 7-6, 11-3. ಹೀಗಾಗಿ 2023ರಲ್ಲಿ 5-3ರಿಂದ ಶುರುವಾಗಿ ಕೊನೆಯ ನಾಲ್ಕನ್ನೂ ಮೂರು, ಮೂರು, ಏಳು, ಮೂರು ಅಂಕದಲ್ಲಿ ಸೋತಾಗ ಜನ ಸುಮ್ಮನಿದ್ದರು. 2024ರಲ್ಲಿ ವಿಸ್ಕಾನ್ಸಿನ್ ಎದುರು 44-25ರಲ್ಲಿ ಗೆದ್ದು ಎಂಟು ವರ್ಷದಲ್ಲಿ ಮೊದಲ ಬೌಲ್ ಪಂದ್ಯ ದಕ್ಕಿದಾಗ ಹಬ್ಬ ಮಾಡಿದರು. 2025ಕ್ಕೆ ಕಾದರು.

2025ರ ಅಕ್ಟೋಬರ್ ಕೊನೆಗೆ ಟೀಂ 6-2. ಪೆನ್ ಸ್ಟೇಟ್ ಕೆಲಸ ಖಾಲಿ. ಅದು ರೂಲ್ ಓದಿ ಆಡಿದ ಕಾಲೇಜು, ಅಲ್ಲಿನ ಅಥ್ಲೆಟಿಕ್ ಡೈರೆಕ್ಟರ್ ಟೆಂಪಲ್ ದಿನಗಳ ಜೊತೆಗಾರ. ಎಲ್ಲಿ ಹೋಗಿಬಿಡುತ್ತಾರೋ ಎಂದು ಅಕ್ಟೋಬರ್ 30ರಂದು ನೆಬ್ರಾಸ್ಕಾ ಅವರ ಕರಾರನ್ನು 2032ರವರೆಗೆ ವಿಸ್ತರಿಸಿತು. 2003ರ ಕಚೇರಿ ಅವಸರದಲ್ಲಿ ಕಳಿಸಿತ್ತು, ಈ ಕಚೇರಿ ಅವಸರದಲ್ಲಿ ಕಟ್ಟಿಹಾಕಿತು. ಎರಡು ದಿನದ ನಂತರ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಎದುರು ಕ್ವಾರ್ಟರ್‌ಬ್ಯಾಕ್ ಡಿಲನ್ ರೈಯೋಲಾ ಕಾಲು ಮುರಿದುಕೊಂಡರು. ಆ ಪಂದ್ಯವೂ ಸೇರಿ ಉಳಿದ ಐದರಲ್ಲಿ ಗೆಲುವು ಒಂದೇ. ಪೆನ್ ಸ್ಟೇಟ್ ಎದುರು 10-37, ಅಯೋವಾ ಎದುರು 16-40, ಬೌಲ್‌ನಲ್ಲಿ ಯೂಟಾ ಎದುರು 22-44. ಮೂರನೇ ವರ್ಷ 7-6.

ಈಗ ಏಳುವ ಟೀಕೆಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು? ಕ್ವಾರ್ಟರ್‌ಬ್ಯಾಕ್ ಗಾಯಗೊಂಡ ಮೇಲಿನ ಸೋಲುಗಳನ್ನೆಲ್ಲ ಕೋಚ್ ತಲೆಗೆ ಕಟ್ಟುವುದು ನ್ಯಾಯವಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಆರೆಗನ್ನನ್ನು ಸೋಲಿಸಿದ ಮೇಲೆ ನೆಬ್ರಾಸ್ಕಾ ದೇಶದ ಅಗ್ರ 25ರ ರ್‍ಯಾಂಕಿಂಗ್ ಇರುವ ಒಂದು ಟೀಮನ್ನೂ ಸೋಲಿಸಿಲ್ಲ ಎಂಬ ಅಂಕಿ ಮುಜುಗರದ್ದೇ, ಆದರೆ ಅದರಲ್ಲಿ ಮೂವರು ಕೋಚ್‌ಗಳ ಪಾಲಿದೆ. ನನ್ನ ಕಣ್ಣು ಹೋಗುವುದು ಗಾಯಕ್ಕೂ ಮುಂಚಿನ ಎರಡು ಪಂದ್ಯಗಳ ಕಡೆ. ಸೆಪ್ಟೆಂಬರ್‌ನಲ್ಲಿ ಮಿಚಿಗನ್ ಎದುರು 27-30ರ ಸೋಲು: ತಮ್ಮ ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮೊದಲೇ ಏಳು ಸಲ ಕೆಡವಿಸಿಕೊಂಡರು, ಎದುರಾಳಿಗೆ ಉದ್ದುದ್ದ ಓಟದ ಟಚ್‌ಡೌನ್‌ಗಳನ್ನು ಬಿಟ್ಟರು. ಅಕ್ಟೋಬರ್‌ನಲ್ಲಿ ಮಿನ್ನೆಸೋಟ ಎದುರು 6-24: ಕ್ವಾರ್ಟರ್‌ಬ್ಯಾಕ್ ಒಂಬತ್ತು ಸಲ ನೆಲಕ್ಕೆ. ಎರಡೂ ಕಡೆ ತೂತು ಒಂದೇ, ಚೆಂಡಿನ ಎದುರುಬದುರು ಕೂತು ಗುದ್ದಾಡುವ ದಢೂತಿ ಆಳುಗಳ ಸಾಲು.

ಈ ಸಾಲು ಪೋರ್ಟಲ್‌ನಲ್ಲಿ ಸುಲಭಕ್ಕೆ ಸಿಗುವ ಸರಕಲ್ಲ. ಓಡುವವನನ್ನು, ಎಸೆಯುವವನನ್ನು ಕೊಳ್ಳಬಹುದು. ಐದು ಜನ ಒಂದೇ ಮೈಯಂತೆ ಅಲುಗಾಡುವುದನ್ನು ಜೊತೆಗಿದ್ದೇ ಕಲಿಯಬೇಕು. ಹಳೆಯ ಗಡಿಯಾರ ಇನ್ನೂ ನಡೆಯುತ್ತಿರುವ ಜಾಗ ಅದೊಂದೇ. ಆದ್ದರಿಂದಲೇ ರೂಲ್ ಅವರಿಗೆ ನಾಲ್ಕನೇ ವರ್ಷ ಸಲ್ಲಬೇಕೆಂದು ನನ್ನ ಮತ, ಮೂರನೇ ವರ್ಷದ ಐತಿಹ್ಯ ನಂಬಿ ಅಲ್ಲ. 2026ರಲ್ಲಿ ಏಳು ಗೆದ್ದರೋ ಒಂಬತ್ತು ಗೆದ್ದರೋ ಎಂಬುದನ್ನು ಪಕ್ಕಕ್ಕಿಟ್ಟು, ಮೂರನೇ ಕ್ವಾರ್ಟರ್‌ನಲ್ಲಿ ಆ ಐವರು ಹಿಂದೆ ಸರಿಯುತ್ತಿದ್ದಾರೋ ಮುಂದೆ ತಳ್ಳುತ್ತಿದ್ದಾರೋ ನೋಡಬೇಕು. ಅಲ್ಲೂ ಮತ್ತೆ ಅದೇ ಸೋರಿಕೆ ಕಂಡರೆ, ಫ್ರಾಸ್ಟ್ ಕಾಲದ 'ಇನ್ನೊಂದು ವರ್ಷ' ನೆನಪಿರಲಿ.

ನವೆಂಬರ್ 28ರ ಅಯೋವಾ ಪಂದ್ಯ ಲಿಂಕನ್‌ನಲ್ಲೇ ನಡೆಯಿತು. 40-16. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. 1962ರಿಂದ ನಡೆದುಬಂದ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಸೇರಿತು: ಟಿಕೆಟ್ ಖಾಲಿ.